ಲೆಕ್ಕ ತಿದ್ದುವ ಅಧಿಕಾರವನ್ನು ಎಐ ಏಜೆಂಟ್‌ಗೆ ಕೊಡಬಹುದೇ?

ಪ್ರಶ್ನೆ: ನನ್ನ ಬಜೆಟ್ ತಂತ್ರಾಂಶದ ವಹಿವಾಟುಗಳನ್ನು ಎಐ ಏಜೆಂಟ್ (ನಮ್ಮ ಪರವಾಗಿ ತಾನೇ ಕೆಲಸ ಮಾಡುವ ಎಐ ತಂತ್ರಾಂಶ) ಈಗ ಓದಿ, ಯಾವುದು ಯಾವ ವರ್ಗಕ್ಕೆ ಸೇರಬೇಕೆಂದು ಸೂಚಿಸುತ್ತಿದೆ. ಸೂಚನೆಗಳು ಬಹುಮಟ್ಟಿಗೆ ಸರಿಯಾಗಿಯೇ ಇರುವುದರಿಂದ, ನೇರವಾಗಿ ತಿದ್ದುವ ಅಧಿಕಾರವನ್ನೂ ಕೊಡಬಹುದೇ?

ಉತ್ತರ 1: ವರ್ಗವನ್ನು ತಿದ್ದಲು ಬಿಡಿ, ಆದರೆ ಮೊತ್ತ, ದಿನಾಂಕ ಮತ್ತು ಖಾತೆಯನ್ನು ಮುಟ್ಟಲು ಖಂಡಿತ ಬಿಡಬೇಡಿ. ವರ್ಗ ತಪ್ಪಿದರೆ ವರದಿಯಷ್ಟೇ ಕೆಡುತ್ತದೆ. ಮೊತ್ತ ತಪ್ಪಿದರೆ ಬ್ಯಾಂಕಿನ ಶಿಲ್ಕಿನೊಂದಿಗೆ ಲೆಕ್ಕ ತಾಳೆಯಾಗುವುದೇ ಇಲ್ಲ. ಉದಾಹರಣೆಗೆ, ವೈನ್ಯಾಬ್ (YNAB) ಎಂಬ ಬಜೆಟ್ ತಂತ್ರಾಂಶದ ಎಪಿಐ (ಬೇರೆ ತಂತ್ರಾಂಶಗಳು ಅದರೊಂದಿಗೆ ಮಾಹಿತಿ ವಿನಿಮಯ ಮಾಡುವ ದಾರಿ) ಮೊತ್ತವನ್ನು ಸಾವಿರದಿಂದ ಗುಣಿಸಿದ ರೂಪದಲ್ಲಿ ಕೇಳುತ್ತದೆ. 250ರ ಖರ್ಚನ್ನು -250000 ಎಂದು ಕಳುಹಿಸಬೇಕಾದಲ್ಲಿ ಏಜೆಂಟ್ -250 ಎಂದು ಕಳುಹಿಸಿದರೆ, ದಾಖಲಾಗುವುದು ಕೇವಲ 0.25. ಇಂಥ ತಪ್ಪು ತಿಂಗಳ ಕೊನೆಯವರೆಗೂ ಕಣ್ಣಿಗೆ ಬೀಳದಿರಬಹುದು.

ಉತ್ತರ 2: ಬೀನ್‌ಕೌಂಟ್ ಎಂಬ ಲೆಕ್ಕದ ತಂತ್ರಾಂಶದಲ್ಲಿರುವಂತೆ ಲೆಕ್ಕವನ್ನು ಪಠ್ಯ ಕಡತದಲ್ಲಿ ಇಡುವವರು ಅದನ್ನು ಬದಲಾವಣೆಗಳ ಇತಿಹಾಸ ಉಳಿಸಿಡುವ ಗಿಟ್ ಎಂಬ ಸಾಧನದಲ್ಲಿಟ್ಟರೆ, ಏಜೆಂಟ್ ಬದಲಿಸಿದ ಪ್ರತಿ ಸಾಲನ್ನೂ ಒಪ್ಪುವ ಮುನ್ನ ನೋಡಬಹುದು, ಬೇಡವಾದರೆ ಹಿಂದಕ್ಕೆ ತರಬಹುದು. ನನಗೆ ನೆಮ್ಮದಿ ಕೊಟ್ಟಿರುವುದು ಇದೊಂದೇ ವ್ಯವಸ್ಥೆ.

ಉತ್ತರ 3: ವಹಿವಾಟಿನ ವಿವರಣೆಯನ್ನು ಎಷ್ಟೋ ಬಾರಿ ಹಣ ಕಳುಹಿಸಿದವರೇ ಬರೆದಿರುತ್ತಾರೆ ಎಂಬುದನ್ನೂ ಗಮನಿಸಿ. ಅಲ್ಲಿ ಯಾರಾದರೂ ಆಜ್ಞೆಯಂಥ ವಾಕ್ಯ ತುರುಕಿದರೆ, ಏಜೆಂಟ್ ಅದನ್ನೇ ನಿಮ್ಮ ಮಾತೆಂದು ಪಾಲಿಸುವ ಅಪಾಯವಿದೆ. ಆದ್ದರಿಂದ ಅಳಿಸುವ ಅಧಿಕಾರವನ್ನಂತೂ ಕೊಡಲೇಬೇಡಿ.