"ಅಕಿ ಯಾಕ ಕೂಗಲಿಲ್ಲ?" ಅಂತ ಒಳ್ಳೆಯವರೂ ಕೇಳುವುದು ಯಾಕೆ?

ಗಂಗಾವತಿ ಟೀಚರ್:
ಗಂಗಾವತಿ ಹತ್ತಿರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಮೊನ್ನೆ ಪೇಪರಿನಲ್ಲಿ ಅತ್ಯಾಚಾರದ ಸುದ್ದಿಯೊಂದಿತ್ತು. ಆರೋಪಿ ಹುಡುಗಿಯ ಸಂಬಂಧಿಕನೇ. ನಮ್ಮ ಹಿರಿಯ ಸರ್ ಓದಿ, "ಅಕಿ ಯಾಕ ಕೂಗಲಿಲ್ಲ? ಒಬ್ಬಾಕೀನ ಯಾಕ ಹೋಗಿದ್ಲು?" ಅಂದರು. ಅವರು ಕೆಟ್ಟವರಲ್ಲ. ವಿದ್ಯಾರ್ಥಿನಿಯರನ್ನು "ಅವ್ವ" ಅಂತಲೇ ಕರೆಯುತ್ತಾರೆ. ಸಂಜೆ ತಡವಾದರೆ ಬಸ್ಸು ಬರುವವರೆಗೂ ಅವರ ಜೊತೆ ನಿಲ್ಲುತ್ತಾರೆ. ಅಂಥವರ ಬಾಯಲ್ಲಿ ಈ ಮಾತು! ಅಲ್ಲಿದ್ದ ಇಬ್ಬರು ಟೀಚರ್‌ಗಳೂ ತಲೆಯಾಡಿಸಿದರು. ನನಗೆ ಅವತ್ತಿಂದ ಸಮಾಧಾನವಿಲ್ಲ.

ರಾಯಚೂರು ವಕೀಲೆ:
ಅಕ್ಕೋರೇ, ಆ ಗೌರವಕ್ಕೆ ಷರತ್ತು ಇರುತ್ತದೆ. ಪೀಟರ್ ಗ್ಲಿಕ್, ಸೂಸನ್ ಫಿಸ್ಕ್ ಎಂಬ ಮನಶ್ಶಾಸ್ತ್ರಜ್ಞರು 1996ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಹೆಣ್ಣನ್ನು ಕೀಳಾಗಿ ಕಾಣುವುದು ಒಂದು ಬಗೆ. ಹೆಣ್ಣು ಪವಿತ್ರ, ಅವಳನ್ನು ಕಾಯಬೇಕು ಅನ್ನುವುದು ಇನ್ನೊಂದು. ಈ ಎರಡನೆಯದು ಸಿಗುವುದು 'ಒಳ್ಳೆ' ಹೆಣ್ಣಿಗೆ ಮಾತ್ರ. ಹಾಗಾಗಿ ಏನಾದರೂ ನಡೆದರೆ ಮೊದಲು ಅವಳ ನಡತೆಯನ್ನೇ ತೂಗುತ್ತಾರೆ. ತಲೆಯಾಡಿಸಿದ ಟೀಚರ್‌ಗಳಿಗೆ ಬಹುಶಃ ಭಯ. ಅವಳದೇ ತಪ್ಪು ಅಂದುಕೊಂಡರೆ 'ನಮಗೆ ಹಾಗಾಗಲ್ಲ' ಅನ್ನುವ ಧೈರ್ಯ ಬರುತ್ತದೆ, ಅಲ್ವಾ?

ಕೋರ್ಟೂ ಇದರಿಂದ ಹೊರತಾಗಿರಲಿಲ್ಲ. ಮಥುರಾ ಎಂಬ ಆದಿವಾಸಿ ಹುಡುಗಿಯ ಪ್ರಕರಣ 1972ರದ್ದು, ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ನಡೆದದ್ದು. ಮೈಮೇಲೆ ಗಾಯವಿಲ್ಲ, ಕೂಗಿದಳು ಅನ್ನುವುದನ್ನು ನಂಬಲಾಗದು ಅಂತ ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಟ್ಟಿತು. ನಿಮ್ಮ ಸರ್ ಕೇಳಿದ ಪ್ರಶ್ನೆಯೇ ಅದು. ಜನ ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಎದುರಿಸಿ ಹೋರಾಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಅನ್ನಬಾರದು ಎಂದು 2013ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿತು. ಆದರೂ 2020ರಲ್ಲಿ ನಮ್ಮ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಘಟನೆ ಆದಮೇಲೆ ಸುಸ್ತಾಗಿ ಮಲಗಿದೆ ಅನ್ನುವುದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಅನ್ನುವ ಮಾತಿತ್ತು. ಟೀಕೆ ಬಂದಮೇಲೆ ತೆಗೆದರು.

ಸಿರುಗುಪ್ಪ ನರ್ಸ್:
ಭಯಕ್ಕೆ ಮೈ ಮರಗಟ್ಟುತ್ತದೆ ರೀ, ಬಾಯಿಂದ ಧ್ವನಿಯೇ ಹೊರಡಲ್ಲ. ಅದು ದೇಹ ಮಾಡುವ ಕೆಲಸ, ಒಪ್ಪಿಗೆಯಲ್ಲ. ಇನ್ನು 'ಒಬ್ಬಾಕೀನ ಯಾಕ' ಅನ್ನೋದು. ನಮ್ಮ ಕಡೆ ಮೆಣಸಿನಕಾಯಿ ಬಿಡಿಸೋಕೆ ಹೆಣ್ಣುಮಕ್ಕಳು ಕತ್ತಲಿರುವಾಗಲೇ ಹೊರಡುತ್ತಾರೆ. ಮನೆಯಲ್ಲೇ ಇದ್ದರೂ ಕಾಪಾಡುವವರು ಯಾರು? ಪೊಲೀಸ್ ದಾಖಲೆಯಲ್ಲಿ 10ರಲ್ಲಿ 9ಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ಆರೋಪಿ ಗುರುತಿನವನೇ.

ಗಂಗಾವತಿ ಟೀಚರ್:
ಸರ್ ಹತ್ತಿರ ಈ ವಾರವೇ ಮಾತಾಡುತ್ತೇನೆ. ನಮ್ಮ ಹುಡುಗಿಯರು ಕಷ್ಟ ಹೇಳಿಕೊಳ್ಳುವುದು ಜಾಸ್ತಿ ಅವರ ಹತ್ತಿರವೇ. ಒಬ್ಬಳು ಬಂದು ಬಾಯಿಬಿಟ್ಟಾಗ ಅವರು ಮೊದಲು ಕೇಳುವುದು ಇದನ್ನೇ ಆದರೆ, ಅವಳು ಮುಂದಿನ ಮಾತು ಆಡುತ್ತಾಳಾ?