ಶಾಲಾ ಕಟ್ಟಡದ ಬಾಂಡ್‌ಗೆ ಹೌದು ಎನ್ನುವುದೋ, ಬೇಡ ಎನ್ನುವುದೋ?

ಈಸ್ಟ್ ಬೇ (ಮೂಲ ಹಾಸನ):
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ನಾವು 14 ಲಕ್ಷ ಡಾಲರ್ ಕೊಟ್ಟು ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ಮನೆ ಕೊಂಡದ್ದು ಶಾಲೆಯ ಸಲುವಾಗಿ. ಮೂರನೆಯ ತರಗತಿಯ ಮಗಳಿಗೆ ಪಾಠ ನಡೆಯುವುದು ಮೈದಾನದ ಅಂಚಿನಲ್ಲಿ ತಂದಿಟ್ಟ ಪೋರ್ಟಬಲ್ ಕೊಠಡಿಯಲ್ಲಿ. ಕಳೆದ ಚಳಿಗಾಲದಲ್ಲಿ ಅದರ ಸೂರು ಸೋರಿತು. ಸಹಾಯಕ್ಕೆಂದು ನಾನು ಹೋದ ದಿನ ಓದುವ ಮೂಲೆಯಲ್ಲಿ ನೀಲಿ ಬಕೆಟ್ ಇತ್ತು, ಒದ್ದೆ ಕಾರ್ಪೆಟ್ಟಿನ ಮುಗ್ಗಲು ವಾಸನೆ ಬಾಗಿಲಿಗೇ ಬರುತ್ತಿತ್ತು. ಮಗಳ ಗಣಿತದ ಹಾಳೆ ನೆನೆದು ಉಬ್ಬಿಕೊಂಡಿತ್ತು. ಈಗ ನಮ್ಮ ಡಿಸ್ಟ್ರಿಕ್ಟ್ (ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಕಟ್ಟಡಗಳ ದುರಸ್ತಿಗೆ ಬಾಂಡ್ ಮೂಲಕ ಸಾಲ ಎತ್ತಲು ಮತದಾರರ ಒಪ್ಪಿಗೆ ಕೇಳುತ್ತಿದೆ. ಯಜಮಾನರಿಗೆ ಪೌರತ್ವ ಸಿಕ್ಕಿದೆ, ನನ್ನದಿನ್ನೂ ಗ್ರೀನ್ ಕಾರ್ಡ್. ಆ ಸಾಲ ತೀರಿಸಲು ನಮ್ಮ ಮನೆ ತೆರಿಗೆ ಎಷ್ಟು ಏರಬಹುದು, ಆ ಹಣ ಕಟ್ಟಡಕ್ಕೇ ಹೋಗುತ್ತದೆಯೇ, ತೆರಿಗೆ ಕಟ್ಟುವ ನಾನೂ ಮತ ಹಾಕಬಹುದೇ ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಸ್ಯಾನ್ ಹೋಸೆ (ಮೂಲ ತುಮಕೂರು):
ಮೇಡಂ, ಮತದ ವಿಷಯವನ್ನೇ ಮೊದಲು ಹೇಳುತ್ತೇನೆ. ಗ್ರೀನ್ ಕಾರ್ಡ್ ಇರುವವರು ಈ ಮತ ಹಾಕುವಂತಿಲ್ಲ. ತಪ್ಪಿ ಹಾಕಿದರೂ ಮುಂದೆ ನಿಮ್ಮ ಪೌರತ್ವದ ಅರ್ಜಿಗೇ ಕುತ್ತು ಬರಬಹುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೌರರಲ್ಲದ ಪಾಲಕರಿಗೂ ಮತವಿದೆ ಎಂದು ಯಾರಾದರೂ ಹೇಳಿದರೆ, ಅದು ಅಲ್ಲಿನ ಶಾಲಾ ಮಂಡಳಿಯ ಸದಸ್ಯರ ಆಯ್ಕೆಗೆ ಮಾತ್ರ ಎಂಬುದು ನೆನಪಿರಲಿ.

ಇನ್ನು ತೆರಿಗೆ. ಕ್ಯಾಲಿಫೋರ್ನಿಯಾದಲ್ಲಿ 2000ದಲ್ಲಿ ಮತದಾರರು ಒಪ್ಪಿದ 39ನೆಯ ಪ್ರಸ್ತಾವದ ಪ್ರಕಾರ ಇಂಥ ಬಾಂಡ್‌ಗೆ ಶೇ. 55 ಮತ ಬಿದ್ದರೆ ಸಾಕು. ಆದರೆ ಯೂನಿಫೈಡ್ ಡಿಸ್ಟ್ರಿಕ್ಟ್ (ಪ್ರಾಥಮಿಕದಿಂದ ಹೈಸ್ಕೂಲಿನವರೆಗೆ ಎಲ್ಲವನ್ನೂ ಒಂದೇ ಆಡಳಿತ ನಡೆಸುವಂಥದು) ಆಗಿದ್ದರೆ, ಒಂದು ಬಾಂಡ್‌ಗೆ ಅಂದಾಜಿಸುವ ತೆರಿಗೆಯು ಪ್ರತಿ ಲಕ್ಷ ಡಾಲರ್ ಅಸೆಸ್ಡ್ ಮೌಲ್ಯಕ್ಕೆ (ತೆರಿಗೆಗಾಗಿ ಲೆಕ್ಕ ಹಿಡಿಯುವ ಮನೆಯ ಬೆಲೆಗೆ) ವರ್ಷಕ್ಕೆ 60 ಡಾಲರ್ ಮೀರಬಾರದು. ಗರಿಷ್ಠ ದರವನ್ನೇ ಹಿಡಿದರೂ ನಿಮಗೆ ವರ್ಷಕ್ಕೆ ಸುಮಾರು 840 ಡಾಲರ್ ಆಗುತ್ತದೆ. ಪಕ್ಕದ ಮನೆಯ ಹಳಬರ ಅಸೆಸ್ಡ್ ಮೌಲ್ಯ 3 ಲಕ್ಷವಿದ್ದರೆ ಅವರಿಗೆ ಬೀಳುವುದು 180 ಮಾತ್ರ, ಏಕೆಂದರೆ 1978ರ 13ನೆಯ ಪ್ರಸ್ತಾವದಿಂದಾಗಿ ಮನೆ ಮಾರಾಟವಾಗುವವರೆಗೆ ಆ ಮೌಲ್ಯ ಸಾಮಾನ್ಯವಾಗಿ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವುದಿಲ್ಲ. ಹೊಸದಾಗಿ ಮನೆ ಕೊಂಡ ನಮ್ಮಂಥವರಿಗೇ ಹೊರೆ ಹೆಚ್ಚು. ಹಣವನ್ನು ಶಿಕ್ಷಕರ ಸಂಬಳಕ್ಕೆ ಬಳಸುವಂತಿಲ್ಲ. ಲೆಕ್ಕ ನೋಡಲು ನಾಗರಿಕರ ಮೇಲ್ವಿಚಾರಣಾ ಸಮಿತಿ ಇರಲೇಬೇಕು. ಮತದಾರರ ಕೈಪಿಡಿಯಲ್ಲಿ ತೆರಿಗೆ ದರದ ಹೇಳಿಕೆಯನ್ನೂ ಕಾಮಗಾರಿಗಳ ಪಟ್ಟಿಯನ್ನೂ ಇಬ್ಬರೂ ಕೂತು ಓದಿರಿ.

ಸೌತ್ ಬೇ (ಮೂಲ ದಾವಣಗೆರೆ):
ನಾನು ಈ ದೇಶಕ್ಕೆ ಬಂದು 31 ವರ್ಷವಾಯಿತು, ಇಂಥ ಬಾಂಡ್‌ಗಳನ್ನು ಎಷ್ಟೋ ಕಂಡಿದ್ದೇನೆ. ತಂಗೀ, ನಿಮ್ಮ ಯಜಮಾನರಿಗೆ ಬೇಡ ಎಂದೇ ಗುರುತು ಹಾಕಲು ಹೇಳಿ. ಬಾಂಡ್ ಎಂದರೆ ಸಾಲ. ಬಡ್ಡಿ ಸೇರಿದರೆ ತೀರಿಸುವ ಮೊತ್ತ ಅಸಲನ್ನು ಎಷ್ಟೋ ಮೀರುತ್ತದೆ, ಅದನ್ನು ನಿಮ್ಮ ಮಗಳು ಕಾಲೇಜು ಮುಗಿಸಿದ ಮೇಲೂ ಕಟ್ಟುತ್ತಲೇ ಇರುತ್ತೀರಿ. ರಾಜ್ಯದಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವಾಗ ಹೊಸ ಗೋಡೆ ಯಾರಿಗೆ ಬೇಕು? ನಾನು ಕಲಿತದ್ದು ಹಂಚಿನ ಶಾಲೆಯಲ್ಲಿ. ಮಳೆ ಬಂದರೆ ಮೇಷ್ಟ್ರು ನಮ್ಮನ್ನು ಒಂದು ಪಕ್ಕಕ್ಕೆ ಸರಿಸಿ ಪಾಠ ಮುಂದುವರಿಸುತ್ತಿದ್ದರು. ವಿದ್ಯೆ ಬರುವುದು ಮೇಷ್ಟ್ರಿಂದ, ಗೋಡೆಯಿಂದಲ್ಲ.

ಫೋಲ್ಸಮ್ (ಮೂಲ ಬಳ್ಳಾರಿ):
ಅಂಕಲ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮೂರ ಶಾಲೆಯಲ್ಲಿ ನಾವು ನೆಲದ ಮೇಲೆ ಕೂತೇ ಓದಿದೆವು, ಇಂದು ಎಲ್ಲರೂ ಒಳ್ಳೆಯ ಸ್ಥಿತಿಯಲ್ಲಿದ್ದೇವೆ.

ಸ್ಯಾನ್ ಡಿಯೆಗೋ (ಮೂಲ ಧಾರವಾಡ):
ಹಿರಿಯರ ಮಾತಿಗೆ ಗೌರವವಿಟ್ಟೇ ಹೇಳುತ್ತೇನೆ, ಇಲ್ಲಿ ಗೋಡೆಯೇ ಪ್ರಾಣದ ಪ್ರಶ್ನೆ. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್‌ನಲ್ಲಿ ಭೂಕಂಪವಾದಾಗ ಹತ್ತಾರು ಶಾಲೆಗಳು ಕುಸಿದವು. ತರಗತಿಗಳು ಬಿಟ್ಟಿದ್ದವು ಎಂಬ ಒಂದೇ ಕಾರಣಕ್ಕೆ ಎಷ್ಟೋ ಮಕ್ಕಳು ಉಳಿದರು. ತಿಂಗಳೊಪ್ಪತ್ತಿನಲ್ಲಿ ಫೀಲ್ಡ್ ಕಾಯಿದೆ ಬಂತು. ಅಂದಿನಿಂದ ಸರ್ಕಾರಿ ಶಾಲೆಯ ಕಟ್ಟಡದ ನಕ್ಷೆಗೆ ರಾಜ್ಯದ ಒಪ್ಪಿಗೆ ಬೇಕು, ಕೆಲಸ ನಡೆಯುವಾಗ ತಪಾಸಣೆಯೂ ಆಗಬೇಕು. ಖರ್ಚು ಏರುವುದಕ್ಕೆ ಇದೂ ಒಂದು ಕಾರಣ. 2024ರಲ್ಲಿ ಮತದಾರರು ಒಪ್ಪಿದ ರಾಜ್ಯದ 1,000 ಕೋಟಿ ಡಾಲರ್ ಬಾಂಡ್‌ನಿಂದ ಪಾಲು ಪಡೆಯಲೂ ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ತನ್ನ ಕೈಯಿಂದ ಒಂದು ಪಾಲು ಹಾಕಬೇಕು.

ಸೌತ್ ಬೇ (ಮೂಲ ದಾವಣಗೆರೆ):
ಭೂಕಂಪದ ಭಯ ತೋರಿಸಿದರೆ ಯಾರು ತಾನೇ ಬೇಡ ಎಂದಾರು? ಇದ್ದ ಹಣದಲ್ಲಿ ಸೂರಿನ ನಿರ್ವಹಣೆ ಮಾಡದವರಿಗೆ ಮತ್ತಷ್ಟು ಹಣ ಕೊಟ್ಟರೆ ಅದೂ ಸೋರಿಹೋಗುತ್ತದೆ. ನನ್ನ ಮಾತು ಬರೆದಿಟ್ಟುಕೊಳ್ಳಿ.

ಸ್ಯಾಕ್ರಮೆಂಟೋ (ಮೂಲ ಶಿವಮೊಗ್ಗ):
ನನ್ನ ಮಗ ಹೈಸ್ಕೂಲಿಗೆ ಸೇರುವ ಮೊದಲು ನಮ್ಮಲ್ಲೂ ಹೀಗೊಂದು ಬಾಂಡ್ ಬಂದಿತ್ತು. ಕೆಲಸದ ಗಡಿಬಿಡಿಯಲ್ಲಿ ನಾವಿಬ್ಬರೂ ಅಂಚೆಯಲ್ಲಿ ಬಂದ ಮತಪತ್ರವನ್ನು ಲಕೋಟೆಯಿಂದ ತೆಗೆಯಲೇ ಇಲ್ಲ, ಬಾಂಡ್ ಸೋತುಹೋಯಿತು. ನಾಲ್ಕು ವರ್ಷ ಅವನು ಗ್ಯಾಸ್ ಸಂಪರ್ಕ ಕಡಿದುಹಾಕಿದ್ದ ಪ್ರಯೋಗಶಾಲೆಯಲ್ಲಿ ರಸಾಯನಶಾಸ್ತ್ರದ ವಿಡಿಯೋ ನೋಡಿದ. ಈಗ ಅವನು ಮನೆ ಬಿಟ್ಟು ದೂರ ಹೋಗಿದ್ದಾನೆ. ಆ ಲಕೋಟೆ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮ ಭಾನುವಾರದ ಕನ್ನಡ ತರಗತಿಯೂ ಇಂಥದೇ ಶಾಲೆಯ ಬಾಡಿಗೆ ಕೊಠಡಿಯಲ್ಲಿ ನಡೆಯುತ್ತದೆ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ.

ಫ್ರೆಸ್ನೋ (ಮೂಲ ಮೈಸೂರು):
ಹಿರಿಯ ನಾಗರಿಕರಿಗೆ ಇದರಲ್ಲಿ ವಿನಾಯಿತಿ ಇದೆಯಲ್ಲವೇ?

ಸ್ಯಾನ್ ಹೋಸೆ (ಮೂಲ ತುಮಕೂರು):
ಇಲ್ಲ ಸರ್. ನೀವು ಹೇಳುತ್ತಿರುವುದು ಪಾರ್ಸೆಲ್ ತೆರಿಗೆಯ (ಪ್ರತಿ ಆಸ್ತಿಯ ತುಂಡಿಗೆ ಹಾಕುವ ಬೇರೆಯದೇ ತೆರಿಗೆಯ) ವಿಷಯ. ಅದಕ್ಕೆ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಮತ ಬೇಕು, ಅದರ ಹಣ ಸಂಬಳಕ್ಕೂ ಸಲ್ಲುತ್ತದೆ. ಎರಡನ್ನೂ ಬೆರೆಸುವುದು ಬೇಡ. ಹಾಸನದ ಮೇಡಂ, ನಿಮಗೆ ಮತವಿಲ್ಲದಿದ್ದರೂ ಶಾಲಾ ಮಂಡಳಿಯ ಬಹಿರಂಗ ಸಭೆಯಲ್ಲಿ ಎದ್ದು ನಿಂತು ಮಾತಾಡಲು ಯಾರ ಅಡ್ಡಿಯೂ ಇಲ್ಲ.

ಈಸ್ಟ್ ಬೇ (ಮೂಲ ಹಾಸನ):
ಎಲ್ಲರಿಗೂ ಧನ್ಯವಾದ. ಕೈಪಿಡಿಯ ಪಟ್ಟಿಯಲ್ಲಿ ಮಗಳ ಶಾಲೆಯ ಹೆಸರಿದೆ, ಆದರೆ ಪೋರ್ಟಬಲ್ ಕೊಠಡಿಯ ಎದುರು 'ದುರಸ್ತಿ ಅಥವಾ ಬದಲಾವಣೆ' ಎಂದಷ್ಟೇ ಬರೆದಿದ್ದಾರೆ. ಎರಡರಲ್ಲಿ ಯಾವುದು, ಯಾವ ವರ್ಷ ಎಂದು ಕೇಳಬೇಕು. ಮಂಗಳವಾರ ಸಂಜೆ ಏಳಕ್ಕೆ ಸಭೆಯಿದೆ, ಬಕೆಟ್ಟಿನ ಫೋಟೋ ನನ್ನ ಫೋನಿನಲ್ಲಿದೆ. ಹತ್ತಿರದಲ್ಲಿರುವವರು ಯಾರಾದರೂ ಜೊತೆಗೆ ಬರುತ್ತೀರಾ?