ಜಿಎಚ್‌ಕೆ ತಾಮ್ರ ಪೆಪ್ಟೈಡ್: ಕೋಶ ಸಂವರ್ಧನೆಯಲ್ಲಿ ಬಳಸಿದವರು ಅನುಭವ ತಿಳಿಸಿ

ಪ್ರಶ್ನೆ: ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮಾನವ ಚರ್ಮದ ಫೈಬ್ರೊಬ್ಲಾಸ್ಟ್ (ಕೊಲಾಜೆನ್ ತಯಾರಿಸುವ) ಕೋಶಗಳ ಮೇಲೆ ಜಿಎಚ್‌ಕೆ-ಸಿಯು, ಅಂದರೆ ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳ ಪೆಪ್ಟೈಡ್ (ಜಿಎಚ್‌ಕೆ) ತಾಮ್ರದೊಡನೆ ಸೇರಿದ ರೂಪವನ್ನು ಪ್ರಯೋಗಿಸಿ ಕೊಲಾಜೆನ್ ಪ್ರಮಾಣವನ್ನು ಅಳೆಯುತ್ತಿದ್ದೇನೆ. ಒಂದು ಬ್ಯಾಚ್‌ನಲ್ಲಿ ಏರಿಕೆ ಕಾಣಿಸಿದರೆ ಇನ್ನೊಂದರಲ್ಲಿ ಏನೂ ಇರುವುದಿಲ್ಲ. ಎಲ್ಲಿಂದ ಪರಿಶೀಲನೆ ಆರಂಭಿಸಬೇಕು? ಪರಿಚಯದವರೊಬ್ಬರು ಉಳಿದ ಪುಡಿಯನ್ನು ತಾವು ಬಳಸಬಹುದೇ ಎಂದೂ ವಿಚಾರಿಸುತ್ತಿದ್ದಾರೆ. ಹಿರಿಯರು ದಯವಿಟ್ಟು ಸಲಹೆ ನೀಡಿ.

ಉತ್ತರ 1: ಪುಡಿಯಿಂದಲೇ ಆರಂಭಿಸಿ. ಈ ಪೆಪ್ಟೈಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕರಾವಳಿಯ ಮಳೆಗಾಲದಲ್ಲಂತೂ ಫ್ರೀಜರ್‌ನಿಂದ ತೆಗೆದ ಶೀಶೆಯನ್ನು ತಕ್ಷಣ ತೆರೆದರೆ ಒಳಗೆ ನೀರು ಕಟ್ಟುವುದು ಖಚಿತ. ಶೀಶೆಯನ್ನು ಮುಚ್ಚಿದಂತೆಯೇ ಕೋಣೆಯ ಉಷ್ಣತೆಗೆ ಬರಲು ಬಿಟ್ಟು, ಆಮೇಲೆ ತೆರೆದು, ಒಂದೇ ಸಲಕ್ಕೆ ಸ್ಟಾಕ್ ದ್ರಾವಣ ಮಾಡಿ, ಸಣ್ಣ ಸಣ್ಣ ಪಾಲುಗಳಾಗಿ ಹಂಚಿ ಮೈನಸ್ 20 ಡಿಗ್ರಿಯಲ್ಲಿ ಇಡುವುದನ್ನು ನಮ್ಮ ಪ್ರಯೋಗಾಲಯದಲ್ಲಿ ನಿಯಮವನ್ನಾಗಿ ಮಾಡಿಕೊಂಡಿದ್ದೇವೆ. ಲೇಬಲ್ಲಿನ ತೂಕದಲ್ಲಿ ಪೆಪ್ಟೈಡ್ ಮಾತ್ರವಲ್ಲದೆ ಅಸಿಟೇಟ್ ಅಥವಾ ಟಿಎಫ್‌ಎ (ಟ್ರೈಫ್ಲೋರೋ ಅಸಿಟಿಕ್ ಆಮ್ಲ) ಲವಣದ ಭಾಗವೂ ನೀರೂ ಸೇರಿರುತ್ತವೆ. ಟಿಎಫ್‌ಎ ಉಳಿದಿದ್ದರೆ ಅದೇ ಕೆಲವು ಬಗೆಯ ಕೋಶಗಳ ಬೆಳವಣಿಗೆಯನ್ನು ತಗ್ಗಿಸಬಲ್ಲದು. ತಾಮ್ರ ಮತ್ತು ಪೆಪ್ಟೈಡ್ ಒಂದಕ್ಕೊಂದರಂತೆ ಸೇರಿದ ರೂಪದ ಅಣುತೂಕ ಸುಮಾರು 402. ಒಂದು ತಾಮ್ರಕ್ಕೆ ಎರಡು ಪೆಪ್ಟೈಡ್ ಇರುವ ರೂಪವೂ ಮಾರಾಟಕ್ಕಿದೆ. ನಿಮ್ಮಲ್ಲಿರುವುದು ಯಾವುದೆಂದು ಪೂರೈಕೆದಾರರಿಂದ ಬರಹದಲ್ಲೇ ಪಡೆದುಕೊಳ್ಳಿ, ಏಕೆಂದರೆ ನಿಮ್ಮ ಮೋಲಾರ್ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಉತ್ತರ 2: ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಬ್ಯಾಚ್‌ಗಳ ನಡುವಿನ ವ್ಯತ್ಯಾಸಕ್ಕೆ ನಾನು ಮೊದಲು ಕೇಳುವ ಪ್ರಶ್ನೆ, ತಾಮ್ರ ಎಲ್ಲಿದೆ ಎಂಬುದು. ಪೂರೈಕೆದಾರರು ಕೊಡುವ ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಶುದ್ಧತೆಯ ಪತ್ರವನ್ನು ನಂಬಿ ಅನೇಕರು ಮುಂದೆ ಸಾಗುತ್ತಾರೆ. ಆ ಪರೀಕ್ಷೆ ಸಾಮಾನ್ಯವಾಗಿ ಟಿಎಫ್‌ಎ ಬೆರೆತ ಆಮ್ಲೀಯ ದ್ರಾವಕದಲ್ಲಿ ನಡೆಯುತ್ತದೆ, ಅಷ್ಟು ಆಮ್ಲೀಯತೆಯಲ್ಲಿ ತಾಮ್ರವು ಪೆಪ್ಟೈಡನ್ನು ಬಿಟ್ಟುಹೋಗುತ್ತದೆ, ಹಾಗಾಗಿ ಶೇಕಡಾ 98 ಎಂದು ಬರೆದಿದ್ದರೂ ಅದು ಬರಿಯ ಜಿಎಚ್‌ಕೆಯ ಶುದ್ಧತೆಯೇ ಹೊರತು ತಾಮ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದಕ್ಕೊಂದು ರೂಪದಲ್ಲಿ ತಾಮ್ರದ ಪಾಲು ತೂಕದಲ್ಲಿ ಸುಮಾರು ಶೇಕಡಾ 15.8 ಇರಬೇಕು, ನೀರು, ಲವಣ ಸೇರಿದಷ್ಟೂ ಇದು ಇಳಿಯುತ್ತದೆ. ಲೋಹದ ಪ್ರಮಾಣವನ್ನು ಅಳೆಯುವ ಐಸಿಪಿ ಅಥವಾ ಪರಮಾಣು ಹೀರಿಕೆ ವಿಧಾನದಿಂದ ಒಮ್ಮೆ ಅಳೆಯಿಸಿ. ಅದಕ್ಕೂ ಮೊದಲು, ಕೆಲವು ಮಿಲಿಮೋಲಾರ್ ಸಾಂದ್ರತೆಯ ದ್ರಾವಣವನ್ನು ತಟಸ್ಥ ಪಿಎಚ್‌ನಲ್ಲಿ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿಟ್ಟು ನೋಡಿದರೆ 600 ನ್ಯಾನೋಮೀಟರ್ ಆಸುಪಾಸಿನಲ್ಲಿ ಶೃಂಗ ಕಾಣಬೇಕು. ಬಿಡಿ ತಾಮ್ರದ ಶೃಂಗ 800ರ ಕಡೆಗಿರುತ್ತದೆ.

ಇನ್ನು ಕೋಶಗಳನ್ನು ಬೆಳೆಸುವ ಮಾಧ್ಯಮದ ವಿಚಾರ. ಈ ಪೆಪ್ಟೈಡನ್ನು ಲೊರೆನ್ ಪಿಕಾರ್ಟ್ 1973ರಲ್ಲಿ ಗುರುತಿಸಿದ್ದೇ ಮಾನವ ಪ್ಲಾಸ್ಮಾದ ಅಲ್ಬುಮಿನ್ (ರಕ್ತದ ಒಂದು ಮುಖ್ಯ ಪ್ರೋಟೀನ್) ಅಂಶದಲ್ಲಿ, ಮತ್ತು ತಾಮ್ರವನ್ನು ಹಿಡಿಯುವುದರಲ್ಲಿ ಅಲ್ಬುಮಿನ್ ಇದಕ್ಕೆ ಸರಿಸಾಟಿ. ಶೇಕಡಾ 10 ಸೀರಮ್ (ಪ್ರಾಣಿಗಳ ರಕ್ತದಿಂದ ಪಡೆದ ದ್ರವ) ಇರುವ ಮಾಧ್ಯಮದಲ್ಲಿ ಅಲ್ಬುಮಿನ್ ಹತ್ತಾರು ಮೈಕ್ರೋಮೋಲಾರ್‌ನಷ್ಟಿರುತ್ತದೆ. ನೀವು ನ್ಯಾನೋಮೋಲಾರ್‌ನಲ್ಲಿ ಸೇರಿಸಿದ ಜಿಎಚ್‌ಕೆಯಿಂದ ತಾಮ್ರದ ಬಹುಪಾಲು ಅದಕ್ಕೆ ವರ್ಗವಾಗುವುದು ಸಹಜ, ಸೀರಮ್‌ನ ಕಿಣ್ವಗಳು ಪೆಪ್ಟೈಡನ್ನೂ ಬೇಗನೆ ಕತ್ತರಿಸುತ್ತವೆ. ಡಿಎಂಇಎಂ ಎಂಬ ಮಾಧ್ಯಮದಲ್ಲಿರುವ 0.2 ಮಿಲಿಮೋಲಾರ್ ಹಿಸ್ಟಿಡಿನ್ ಕೂಡ ತಾಮ್ರಕ್ಕಾಗಿ ಪೈಪೋಟಿ ನಡೆಸುತ್ತದೆ. ಸೀರಮ್‌ನ ಲಾಟ್ ಬದಲಾದಾಗ ನಿಮ್ಮ ಫಲಿತಾಂಶವೂ ಬದಲಾಯಿತೇ ಎಂದು ನೋಟ್‌ಬುಕ್ ತೆರೆದು ನೋಡಿ. ಸಾಧ್ಯವಾದರೆ ಕೋಶಗಳನ್ನು ಸೀರಮ್‌ರಹಿತ ಮಾಧ್ಯಮಕ್ಕೆ ಬದಲಿಸಿದ ಮೇಲೆ ಮಾತ್ರ ಪೆಪ್ಟೈಡ್ ಹಾಕಿ. ಕೋಶಗಳನ್ನು ತಟ್ಟೆಯಿಂದ ಬಿಡಿಸಲು ಬಳಸುವ ಟ್ರಿಪ್ಸಿನ್ ಜೊತೆಗಿನ ಇಡಿಟಿಎ (ಲೋಹಗಳನ್ನು ಹಿಡಿದಿಡುವ ಸಂಯುಕ್ತ) ಪೂರ್ತಿಯಾಗಿ ತೊಳೆದುಹೋಗಿರಬೇಕು. ಉಳಿದರೆ ಅದು ತಾಮ್ರವನ್ನು ಕಸಿದುಕೊಳ್ಳುತ್ತದೆ.

ನಿಯಂತ್ರಣ ಬಾವಿಗಳ (ಹೋಲಿಕೆಗಾಗಿ ಇಡುವ, ಸಂವರ್ಧನಾ ತಟ್ಟೆಯ ಸಣ್ಣ ಗುಳಿಗಳ) ಬಗ್ಗೆ ನಾನು ಹಟ ಹಿಡಿಯುತ್ತೇನೆ. ಜಿಎಚ್‌ಕೆ-ಸಿಯು, ತಾಮ್ರವಿಲ್ಲದ ಜಿಎಚ್‌ಕೆ, ಅಷ್ಟೇ ಸಾಂದ್ರತೆಯ ತಾಮ್ರದ ಲವಣ, ಬರಿಯ ದ್ರಾವಕ, ಈ ನಾಲ್ಕೂ ಒಂದೇ ತಟ್ಟೆಯಲ್ಲಿ ಇಲ್ಲದಿದ್ದರೆ ಕಂಡ ಏರಿಕೆ ಪೆಪ್ಟೈಡಿನದೋ ತಾಮ್ರದ್ದೋ ಎಂದು ಯಾರೂ ಹೇಳಲಾರರು. ಕೊಲಾಜೆನ್‌ಗಾಗಿ ನೀವು ಆಸ್ಕಾರ್ಬಿಕ್ ಆಮ್ಲ ಸೇರಿಸುತ್ತಿರಬಹುದು. ಬಿಡಿ ತಾಮ್ರ ಅದರೊಡನೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುವುದರಿಂದ ತಾಮ್ರ ಲವಣದ ಬಾವಿಗಳಲ್ಲಿ ಕೋಶಗಳು ಸೊರಗಬಹುದು, ಆಗ ಪಕ್ಕದ ಜಿಎಚ್‌ಕೆ-ಸಿಯು ಬಾವಿ ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಕೊಲಾಜೆನ್ ಅಂಕಿಯನ್ನು ಆಯಾ ಬಾವಿಯ ಡಿಎನ್‌ಎ ಪ್ರಮಾಣಕ್ಕೆ ಹೋಲಿಸಿಯೇ ಬರೆಯಿರಿ. ಸಾಂದ್ರತೆಯನ್ನು ಏರಿಸುತ್ತ ಹೋಗುವುದರಿಂದಲೂ ಪ್ರಯೋಜನವಿಲ್ಲ: ಫ್ರಾನ್ಸಿನ ಮಕಾರ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಫೈಬ್ರೊಬ್ಲಾಸ್ಟ್ ಅಧ್ಯಯನದಲ್ಲಿ ಪರಿಣಾಮ ಪಿಕೋಮೋಲಾರ್ ಮಟ್ಟದಲ್ಲೇ ಆರಂಭವಾಗಿ 1 ನ್ಯಾನೋಮೋಲಾರ್‌ನಲ್ಲಿ ಗರಿಷ್ಠಕ್ಕೆ ಮುಟ್ಟಿತ್ತು.

ಉತ್ತರ 3: ಪರಿಚಯದವರಿಗೆ ಖಂಡಿತವಾಗಿ ಕೊಡಬೇಡಿ. ಸಂಶೋಧನೆಗೆಂದು ಮಾರುವ ಪುಡಿಯಲ್ಲಿ ಕ್ರಿಮಿರಾಹಿತ್ಯವನ್ನೂ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷಾಂಶ) ಮಟ್ಟವನ್ನೂ ಮನುಷ್ಯರ ಬಳಕೆಗೆ ತಕ್ಕಂತೆ ಪರೀಕ್ಷಿಸಿರುವುದಿಲ್ಲ. ಮುಖಕ್ಕೆ ಹಚ್ಚುವ ಸೀರಮ್‌ಗಳಲ್ಲಿ ಇದೇ ಸಂಯುಕ್ತ ಇದೆ ಎಂಬ ಕಾರಣಕ್ಕೆ ಪ್ರಯೋಗಾಲಯದ ಶೀಶೆಯನ್ನು ಚುಚ್ಚಿಕೊಳ್ಳಲು ಬಳಸುವುದು ಅಪಾಯಕಾರಿ. ಚರ್ಮದ ತೊಂದರೆ ಇದ್ದರೆ ಅವರು ಚರ್ಮರೋಗ ತಜ್ಞರನ್ನು ಕಾಣಲಿ.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಕೃತಜ್ಞತೆಗಳು. ನೋಟ್‌ಬುಕ್ ತೆಗೆದು ನೋಡಿದೆ. ಏರಿಕೆ ಕಂಡ ಪ್ರಯೋಗಗಳೆಲ್ಲ ಹಿಂದಿನ ಸೀರಮ್ ಲಾಟ್‌ನವು. ಎರಡೂ ಬ್ಯಾಚ್‌ಗಳ ಪುಡಿಯನ್ನು ತಾಮ್ರದ ಅಳತೆಗೆ ಕಳುಹಿಸುತ್ತಿದ್ದೇನೆ, ಸೀರಮ್‌ರಹಿತ ಮಾಧ್ಯಮದಲ್ಲಿ ಆ ನಾಲ್ಕೂ ಬಗೆಯ ಬಾವಿಗಳೊಂದಿಗೆ ಪ್ರಯೋಗವನ್ನು ಮತ್ತೆ ಹೂಡಿ ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.